ಮಾತನಾಡಿಸುವವರಿಲ್ಲದ ಕಾಲ: ಸಾಂಕ್ರಾಮಿಕದ ಒಂಟಿತನ ಮತ್ತು ಗೋಕಾಕ ಸೀಮೆಯ ಸಾಂಸ್ಕೃತಿಕ ಗ್ರಹಿಕೆ

೧. ಪ್ರವೇಶ

ಉತ್ತರ ಕರ್ನಾಟಕದ ಆಡುಮಾತಿನಲ್ಲಿ ‘ಮಾತನಾಡಿಸಿಕೊಂಡು ಬರುವುದು’ ಎಂಬ ನುಡಿಗಟ್ಟೊಂದು ಬಳಕೆಯಲ್ಲಿದೆ. ಹಾಸಿಗೆ ಹಿಡಿದವರ ಮನೆಗೆ, ಸಾವಾದವರ ಮನೆಗೆ, ಬೆಳೆ ಕಳೆದುಕೊಂಡವರ ಮನೆಗೆ ಹೋಗಿ ಒಂದಿಷ್ಟು ಹೊತ್ತು ಕುಳಿತು ಬರುವುದನ್ನು ಅದು ಸೂಚಿಸುತ್ತದೆ. ವ್ಯಾಕರಣದ ದೃಷ್ಟಿಯಿಂದ ‘ಮಾತನಾಡಿಸು’ ಎಂಬುದು ‘ಮಾತನಾಡು’ ಎಂಬುದರ ಪ್ರೇರಣಾರ್ಥಕ ರೂಪ. ಅಂದರೆ ಹೋದವರು ತಾವು ಏನನ್ನು ಹೇಳಿದರು ಎಂಬುದು ಇಲ್ಲಿ ಮುಖ್ಯವಲ್ಲ. ನೋವಿನಲ್ಲಿರುವವರ ಬಾಯಿಂದ ಮಾತು ಹೊರಡುವಂತೆ ಮಾಡಿದರೇ ಎಂಬುದು ಮುಖ್ಯ. ಸಾಂತ್ವನವನ್ನು ಕೊಡುವ ವಸ್ತುವಾಗಿ ಕಾಣದೆ, ಇನ್ನೊಬ್ಬರಿಂದ ಹೊರತರಬೇಕಾದ ಮಾತಾಗಿ ಕಂಡಿರುವುದು ಈ ನುಡಿಗಟ್ಟಿನ ವಿಶೇಷ.

೨೦೨೦–೨೧ರ ಕೋವಿಡ್ ಸಾಂಕ್ರಾಮಿಕದ ಅವಧಿಯಲ್ಲಿ ನಿಂತುಹೋದ ಸಂಗತಿಗಳಲ್ಲಿ ಇದೂ ಒಂದು. ಶಾಲೆ, ಸಂತೆ, ಬಸ್ಸುಗಳು ನಿಂತದ್ದು ದಾಖಲೆಗಳಲ್ಲಿ ಸೇರಿತು. ಮಾತನಾಡಿಸುವಿಕೆ ನಿಂತದ್ದಕ್ಕೆ ದಾಖಲೆಯ ಕೋಷ್ಟಕವಿರಲಿಲ್ಲ. ಬೆಳಗಾವಿ ಜಿಲ್ಲೆಯ ಗೋಕಾಕ, ಮೂಡಲಗಿ ಮತ್ತು ಹುಕ್ಕೇರಿ ತಾಲೂಕುಗಳನ್ನು ಕೇಂದ್ರವಾಗಿಟ್ಟುಕೊಂಡು, ಸಾಂಕ್ರಾಮಿಕ ಕಾಲದ ಒಂಟಿತನವು ಆರೋಗ್ಯದ ಪ್ರಶ್ನೆಯಾಗುವ ಬಗೆಯನ್ನು ಸಾಂಸ್ಕೃತಿಕ ವಿಮರ್ಶೆಯ ನೆಲೆಯಿಂದ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಈ ಮೂರೂ ತಾಲೂಕುಗಳನ್ನು ಘಟಪ್ರಭೆ ಒಂದು ಮಾಡಿದ್ದಾಳೆ. ಹುಕ್ಕೇರಿ ತಾಲೂಕಿನ ಹಿಡಕಲ್ ಜಲಾಶಯದಿಂದ ಇಳಿದ ನೀರು ಗೋಕಾಕದಲ್ಲಿ ಧುಮುಕಿ ಮೂಡಲಗಿಯ ಬಯಲಿಗೆ ಹರಿಯುತ್ತದೆ. ಮೂಡಲಗಿಯಂತೂ ಇತ್ತೀಚಿನವರೆಗೆ ಗೋಕಾಕ ತಾಲೂಕಿನ ಭಾಗವೇ ಆಗಿತ್ತು. ೨೦೧೯ರ ಆಗಸ್ಟ್ ತಿಂಗಳ ಪ್ರವಾಹದಲ್ಲಿ ಮನೆಮಠ ಕಳೆದುಕೊಂಡ ದಂಡೆಯ ಜನ ಚೇತರಿಸಿಕೊಳ್ಳುವ ಮೊದಲೇ ಸಾಂಕ್ರಾಮಿಕವನ್ನು ಎದುರಿಸಬೇಕಾಯಿತು. ಪ್ರವಾಹವು ಜನರನ್ನು ಒಂದೇ ಸೂರಿನಡಿ ಒಟ್ಟುಗೂಡಿಸಿತ್ತು. ಸಾಂಕ್ರಾಮಿಕವು ಅದೇ ಜನರನ್ನು ಬೇರೆ ಬೇರೆ ಸೂರುಗಳಡಿ ಕೂಡಿಹಾಕಿತು.

೨. ವೈದ್ಯಕೀಯ ವ್ಯಾಖ್ಯೆ ಮತ್ತು ಅದರ ಮಿತಿ

ಒಂಟಿತನವನ್ನು ಕೇವಲ ಭಾವನೆಯೆಂದು ಬಗೆಯುವ ಕಾಲ ಮುಗಿದಿದೆ. ಜೂಲಿಯಾನ್ ಹೋಲ್ಟ್-ಲನ್‌ಸ್ಟಡ್ ಮತ್ತು ಸಂಗಡಿಗರು ೨೦೧೦ರಲ್ಲಿ ೧೪೮ ಅಧ್ಯಯನಗಳನ್ನು, ಮೂರು ಲಕ್ಷಕ್ಕೂ ಮಿಕ್ಕಿದ ಜನರ ಮಾಹಿತಿಯನ್ನು ಒಟ್ಟುಗೂಡಿಸಿ ವಿಶ್ಲೇಷಿಸಿದರು. ಗಟ್ಟಿಯಾದ ಸಾಮಾಜಿಕ ಸಂಬಂಧಗಳುಳ್ಳವರು ಬದುಕುಳಿಯುವ ಸಾಧ್ಯತೆ ಶೇಕಡಾ ೫೦ರಷ್ಟು ಹೆಚ್ಚೆಂದು ಅದರಿಂದ ತಿಳಿದುಬಂದಿತು. ಕೋವಿಡ್ ಸಾಂಕ್ರಾಮಿಕದ ಮೊದಲ ವರ್ಷದಲ್ಲಿ ಆತಂಕ ಮತ್ತು ಖಿನ್ನತೆಗಳು ಜಗತ್ತಿನಾದ್ಯಂತ ಶೇಕಡಾ ೨೫ರಷ್ಟು ಹೆಚ್ಚಿದವೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೨ರ ಮಾರ್ಚ್‌ನಲ್ಲಿ ಪ್ರಕಟಿಸಿತು. ಅದೇ ಸಂಸ್ಥೆಯ ಸಾಮಾಜಿಕ ಸಂಪರ್ಕ ಆಯೋಗವು ೨೦೨೫ರ ವರದಿಯಲ್ಲಿ, ಪ್ರತಿ ಆರು ಜನರಲ್ಲಿ ಒಬ್ಬರು ಒಂಟಿತನದಿಂದ ಬಾಧಿತರೆಂದೂ ವರ್ಷಕ್ಕೆ ಸುಮಾರು ೮,೭೧,೦೦೦ ಸಾವುಗಳಿಗೆ ಅದರ ನಂಟಿದೆಯೆಂದೂ ಅಂದಾಜಿಸಿತು.

ದೇಹದಲ್ಲಿ ಇದು ನಡೆಯುವ ಬಗೆಯೂ ಬಹುಮಟ್ಟಿಗೆ ತಿಳಿದಿದೆ. ಬಹುಕಾಲ ಒಂಟಿಯಾಗಿದ್ದೇನೆಂದು ಭಾವಿಸುವ ಮನುಷ್ಯನ ದೇಹ ಸದಾ ಅಪಾಯವನ್ನು ನಿರೀಕ್ಷಿಸುವ ಸ್ಥಿತಿಯಲ್ಲಿರುತ್ತದೆ. ಒತ್ತಡದ ಹಾರ್ಮೋನುಗಳು ಏರುಪೇರಾಗುತ್ತವೆ, ನಿದ್ರೆ ತುಂಡುತುಂಡಾಗುತ್ತದೆ, ರಕ್ತದೊತ್ತಡ ಏರುತ್ತದೆ, ಒಳಗಿನ ಉರಿಯೂತ ಹೆಚ್ಚುತ್ತದೆ. ಹೃದಯರೋಗ, ಪಾರ್ಶ್ವವಾಯು ಮತ್ತು ಮುಪ್ಪಿನ ಮರೆವಿನ ಕಾಯಿಲೆಗಳೊಂದಿಗೆ ಒಂಟಿತನದ ನಂಟನ್ನು ಸಂಶೋಧನೆಗಳು ಗುರುತಿಸಿವೆ.

ಈ ಅರಿವನ್ನು ಒಪ್ಪಿಕೊಳ್ಳುತ್ತಲೇ ಒಂದು ಮಿತಿಯನ್ನು ಗುರುತಿಸಬೇಕಾಗಿದೆ. ಇಂತಹ ಅಧ್ಯಯನಗಳ ಬಹುಭಾಗ ಪಶ್ಚಿಮದ ಸಮಾಜಗಳಲ್ಲಿ ನಡೆದದ್ದು. ಅಲ್ಲಿ ಒಬ್ಬರೇ ವಾಸಿಸುವುದು, ಗೆಳೆಯರ ಸಂಖ್ಯೆ, ಭೇಟಿಗಳ ಎಣಿಕೆ ಮುಂತಾದವು ಅಳತೆಗೋಲುಗಳು. ಗೋಕಾಕ ಸೀಮೆಯ ತುಂಬಿದ ಮನೆಯಲ್ಲಿ ಒಬ್ಬರೇ ವಾಸಿಸುವವರು ವಿರಳ. ಎಂಟು ಜನರ ಮನೆಯಲ್ಲಿ ಸೊಸೆ ಒಂಟಿಯಾಗಿರಬಹುದು. ಹಟ್ಟಿಯ ತುಂಬ ಮಕ್ಕಳಿದ್ದೂ ಅಜ್ಜ ಒಂಟಿಯಾಗಿರಬಹುದು. ಜನರ ನಡುವೆ ಇರುವುದೂ ಮಾತನಾಡಿಸುವವರನ್ನು ಹೊಂದಿರುವುದೂ ಬೇರೆ ಬೇರೆ ಎಂಬುದನ್ನು ಈ ಅಳತೆಗೋಲುಗಳು ಸುಲಭವಾಗಿ ಹಿಡಿಯಲಾರವು. ಆದ್ದರಿಂದ ಇಲ್ಲಿಯ ಒಂಟಿತನವನ್ನು ಅರಿಯಲು ಇಲ್ಲಿಯ ಪದಗಳು, ಆಚರಣೆಗಳು ಮತ್ತು ಕಥನಗಳ ಬಳಿಗೆ ಹೋಗುವುದು ಅನಿವಾರ್ಯ.

೩. ಪದಗಳ ಪಲ್ಲಟ: ಸೋಂಕು ಮತ್ತು ಅಂತರ

ಸಾಂಕ್ರಾಮಿಕವು ಕನ್ನಡದ ಎರಡು ಪದಗಳನ್ನು ಮನೆಮನೆಗೆ ತಲುಪಿಸಿತು. ಮೊದಲನೆಯದು ‘ಸೋಂಕು’. ಹಳಗನ್ನಡ ಕಾವ್ಯ ಪರಂಪರೆಯಲ್ಲಿ ಈ ಪದಕ್ಕೆ ಸ್ಪರ್ಶವೆಂಬುದೇ ಮೂಲ ಅರ್ಥ. ಗಾಳಿ ಸೋಂಕುತ್ತದೆ, ಪ್ರಿಯರ ಮೈ ಸೋಂಕುತ್ತದೆ. ಹಿತವಾದುದೂ ಅಹಿತವಾದುದೂ ಸೋಂಕಬಹುದಾಗಿತ್ತು. ಆಧುನಿಕ ವೈದ್ಯಕೀಯ ಕನ್ನಡದಲ್ಲಿ ಅದು ರೋಗದ ತಗಲುವಿಕೆಗೆ ಸೀಮಿತವಾಗುತ್ತ ಬಂದು, ೨೦೨೦ರ ಹೊತ್ತಿಗೆ ‘ಸೋಂಕಿತ’ ಎಂಬ ರೂಪದಲ್ಲಿ ಮನುಷ್ಯನ ಗುರುತೇ ಆಯಿತು. ಸ್ಪರ್ಶವೆಂಬ ಅರ್ಥ ಅಳಿಸಿ ಅಪಾಯವೆಂಬ ಅರ್ಥ ಉಳಿಯಿತು.

ಎರಡನೆಯದು ‘ಸಾಮಾಜಿಕ ಅಂತರ’. ರೋಗತಡೆಗೆ ಬೇಕಾಗಿದ್ದುದು ಮೈಗಳ ನಡುವಿನ ಕೆಲವು ಅಡಿಗಳ ದೂರ. ವಿಶ್ವ ಆರೋಗ್ಯ ಸಂಸ್ಥೆಯೂ ೨೦೨೦ರ ಮಾರ್ಚ್‌ನಲ್ಲಿಯೇ ‘ದೈಹಿಕ ಅಂತರ’ ಎಂಬರ್ಥದ ಪದಕ್ಕೆ ಹೊರಳಿಕೊಂಡಿತು. ಕನ್ನಡದ ಪ್ರಕಟಣೆಗಳಲ್ಲಿ, ಧ್ವನಿವರ್ಧಕಗಳಲ್ಲಿ ಮಾತ್ರ ‘ಸಾಮಾಜಿಕ ಅಂತರ’ವೇ ಗಟ್ಟಿಯಾಗಿ ನೆಲೆನಿಂತಿತು. ಇದೊಂದು ಅನುವಾದದ ಸಮಸ್ಯೆ ಮಾತ್ರವೆಂದು ತಿಳಿಯಲಾಗದು. ಊರು ಮತ್ತು ಕೇರಿಯ ನಡುವೆ ಶತಮಾನಗಳಿಂದ ಸಾಮಾಜಿಕ ಅಂತರವನ್ನು ಪಾಲಿಸಿಕೊಂಡು ಬಂದ ಸಮಾಜಕ್ಕೆ ಆ ಪದ ಹೊಸತೇನನ್ನೂ ಕಲಿಸುವಂತಿರಲಿಲ್ಲ. ಶಿವರಾಮ ಕಾರಂತರ ‘ಚೋಮನ ದುಡಿ’ಯಲ್ಲಿ (೧೯೩೩) ಚೋಮನ ಮಗ ನೀಲ ನೀರಿನಲ್ಲಿ ಮುಳುಗುವಾಗ ದಡದಲ್ಲಿ ಜನರಿದ್ದಾರೆ, ಮುಟ್ಟಬಾರದೆಂಬ ಕಾರಣಕ್ಕೆ ಎತ್ತುವವರಿಲ್ಲ. ಅಂತರವೇ ಅಲ್ಲಿ ಸಾವಿಗೆ ಕಾರಣ. ರೋಗದಿಂದ ಕಾಪಾಡುವ ಉಪಾಯಕ್ಕೆ ಕೊಲ್ಲುವ ವ್ಯವಸ್ಥೆಯ ಹೆಸರನ್ನು ಇಟ್ಟದ್ದು ಭಾಷಿಕ ಅಜಾಗರೂಕತೆ. ಅದರ ಫಲ ಆರೋಗ್ಯದ ಮೇಲೂ ಆಯಿತು. ದೂರವಿರಬೇಕಾದುದು ರೋಗದಿಂದ ಎಂಬುದು ಮರೆತು ರೋಗಿಯಿಂದ ಎಂಬ ಗ್ರಹಿಕೆ ಬಲವಾಯಿತು. ರೋಗಿಗಳ ಮನೆಗಳ ಮುಂದೆ ಫಲಕ ಅಂಟಿಸುವ ಕ್ರಮ ಸರ್ವೋಚ್ಚ ನ್ಯಾಯಾಲಯದ ಮುಂದೆ ಬಂದು, ಸಕ್ಷಮ ಪ್ರಾಧಿಕಾರದ ನಿರ್ದಿಷ್ಟ ಆದೇಶವಿಲ್ಲದೆ ಹಾಗೆ ಮಾಡುವಂತಿಲ್ಲವೆಂದು ೨೦೨೦ರ ಡಿಸೆಂಬರ್‌ನಲ್ಲಿ ಹೇಳಬೇಕಾಗಿ ಬಂದುದು ಇದಕ್ಕೆ ನಿದರ್ಶನ. ಅಷ್ಟರಲ್ಲಿ ಮೊದಲ ಅಲೆಯೇ ಇಳಿಮುಖವಾಗಿತ್ತು.

೪. ಪ್ಲೇಗಿನ ಸಂಕಥನ: ಊರು ಬಿಡುವುದು, ಮನೆ ಸೇರುವುದು

೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗು ಮುಂಬಯಿ ಪ್ರಾಂತ್ಯದ ದಕ್ಷಿಣ ಜಿಲ್ಲೆಗಳಾದ ಬೆಳಗಾವಿ, ಧಾರವಾಡಗಳಿಗೂ ಹಬ್ಬಿತು. ಹುಬ್ಬಳ್ಳಿಯಲ್ಲಿ ೧೮೯೮ರಲ್ಲಿ ಹಾಫ್‌ಕಿನ್ ಲಸಿಕೆಯನ್ನು ದೊಡ್ಡ ಪ್ರಮಾಣದಲ್ಲಿ ಹಾಕಲಾಯಿತು. ೧೮೯೭ರ ಸಾಂಕ್ರಾಮಿಕ ರೋಗಗಳ ಕಾಯಿದೆ ಆ ಸಂದರ್ಭದ ಸೃಷ್ಟಿ. ಅದರ ಬಲದಿಂದ ಮನೆಗಳಿಗೆ ನುಗ್ಗಿ ನಡೆಸಿದ ತಪಾಸಣೆಗಳು ಪುಣೆಯಲ್ಲಿ ಅದೇ ವರ್ಷ ರ‍್ಯಾಂಡ್‌ನ ಹತ್ಯೆಗೆ ಕಾರಣವಾದವು. ಫ್ರಾನ್ಸಿನ ಸಮಾಜಶಾಸ್ತ್ರಜ್ಞ ಎಮಿಲ್ ಡರ್ಕೈಮ್ ಸಮುದಾಯದೊಂದಿಗಿನ ನಂಟು ಸಡಿಲವಾದಷ್ಟೂ ಆತ್ಮಹತ್ಯೆಯ ಸಂಭವ ಹೆಚ್ಚುವುದೆಂದು ವಾದಿಸಿದ ಗ್ರಂಥವನ್ನು ಪ್ರಕಟಿಸಿದ್ದೂ ೧೮೯೭ರಲ್ಲಿಯೇ. ಒಂದೇ ವರ್ಷದಲ್ಲಿ ಜನರನ್ನು ಬೇರ್ಪಡಿಸುವ ಕಾನೂನೂ, ಬೇರ್ಪಡುವುದು ಪ್ರಾಣಾಂತಿಕವೆಂಬ ತಿಳಿವೂ ಹುಟ್ಟಿದವು. ಕಾನೂನು ೨೦೨೦ರವರೆಗೆ ಬಾಳಿತು; ಆ ವರ್ಷ ಕರ್ನಾಟಕ ತನ್ನದೇ ಸಾಂಕ್ರಾಮಿಕ ರೋಗಗಳ ಶಾಸನವನ್ನು ರೂಪಿಸಿಕೊಂಡಿತು. ತಿಳಿವು ಮಾತ್ರ ಶಾಸನದೊಳಗೆ ಬರಲಿಲ್ಲ.

ಪ್ಲೇಗಿನ ಕಾಲದಲ್ಲಿ ಕನ್ನಡ ನಾಡಿನ ಹಳ್ಳಿಗಳು ಅನುಸರಿಸಿದ ಮುಖ್ಯ ಕ್ರಮ ಊರು ಬಿಡುವುದು. ಇಲಿ ಬಿದ್ದಿತೆಂದರೆ ಊರಿಗೆ ಊರೇ ಹೊಲಗಳಲ್ಲಿ ಗುಡಿಸಲು ಹಾಕಿಕೊಂಡು ತಿಂಗಳುಗಟ್ಟಲೆ ಹೊರಗೆ ಉಳಿಯುತ್ತಿತ್ತು. ಎಸ್.ಎಲ್. ಭೈರಪ್ಪನವರ ‘ಗೃಹಭಂಗ’ (೧೯೭೦) ಈ ಬಾಳಿನ ವಿವರವಾದ ಚಿತ್ರವನ್ನು ಒದಗಿಸುತ್ತದೆ. ಅದು ಹಳೆಯ ಮೈಸೂರು ಸೀಮೆಯ ಕಥೆಯಾದರೂ ಊರು ಬಿಡುವ ಕ್ರಮ ಎರಡೂ ಕಡೆಗೆ ಸಮಾನ. ನಂಜಮ್ಮ ಬೆಳೆದ ಮಕ್ಕಳಾದ ರಾಮಣ್ಣ, ಪಾರ್ವತಿಯರನ್ನು ಪ್ಲೇಗಿಗೆ ಕಳೆದುಕೊಳ್ಳುತ್ತಾಳೆ. ಕೊನೆಗೆ ತಾನೂ ಅದಕ್ಕೇ ಬಲಿಯಾಗುತ್ತಾಳೆ. ಗಮನಿಸಬೇಕಾದ ಅಂಶವೆಂದರೆ, ಆಕೆಯ ಒಂಟಿತನ ಪ್ಲೇಗಿನಿಂದ ಬಂದುದಲ್ಲ. ಗಂಡ, ಅತ್ತೆ, ಮೈದುನರ ನಡುವೆ ಆಕೆ ಮೊದಲಿನಿಂದಲೂ ಒಂಟಿ. ಪ್ಲೇಗಿನ ನಡುವೆಯೂ ಆಕೆಯನ್ನು ನಿಲ್ಲಿಸುವುದು ರಕ್ತಸಂಬಂಧವಲ್ಲದ, ಭಿಕ್ಷೆಯಿಂದ ಬಾಳುವ ಮಾದೇವಯ್ಯನವರಂಥವರ ಒಡನಾಟ. ಯಾರು ಒಂದೇ ಸೂರಿನಡಿ ಇದ್ದರು ಎಂಬುದಕ್ಕಿಂತ ಯಾರು ಮಾತನಾಡಿಸಿದರು ಎಂಬುದು ಈ ಕಾದಂಬರಿಯಲ್ಲಿ ನಿರ್ಣಾಯಕ.

ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (೧೯೬೫) ಇದರ ಇನ್ನೊಂದು ಮುಖ. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪನ ಶವ ಸಂಸ್ಕಾರವಿಲ್ಲದೆ ಕೊಳೆಯುತ್ತದೆ. ಶವವನ್ನು ಮುಟ್ಟುವವರಿಲ್ಲದ ಸ್ಥಿತಿಯನ್ನು ಇಲ್ಲಿ ರೋಗದ ಭಯ ತಂದಿಲ್ಲ, ಧರ್ಮದ ಲೆಕ್ಕಾಚಾರ ತಂದಿದೆ. ಪ್ಲೇಗು ಆಗಲೇ ಒಳಗಿದ್ದ ಬಿರುಕನ್ನು ಬಯಲಿಗೆ ತರುವ ನಿಮಿತ್ತ ಮಾತ್ರ. ಹೆಂಡತಿಯನ್ನು ದಹಿಸಿ ಹೊರಟ ಪ್ರಾಣೇಶಾಚಾರ್ಯರು ಬಯಸುವುದು ಏಕಾಂತವನ್ನು. ಅವರಿಗೆ ಸಿಗುವುದು ಬೆನ್ನು ಬಿಡದೆ ಮಾತನಾಡಿಸುವ ಪುಟ್ಟ. ವಿಮರ್ಶಕರು ಪುಟ್ಟನನ್ನು ಲೋಕದ ಆಕರ್ಷಣೆಯ ಪ್ರತೀಕವಾಗಿ ಓದಿದ್ದುಂಟು. ಸಾಂಕ್ರಾಮಿಕದ ಅನುಭವದ ನಂತರ ಆ ಪಾತ್ರವನ್ನು ಬೇರೆಯಾಗಿ ಓದಲು ಸಾಧ್ಯ. ಶೋಕದಲ್ಲಿ ಕುಸಿದ ಅಪರಿಚಿತನನ್ನು, ಅವನು ಯಾರೆಂದು ಕೇಳಿಯೂ ನಿರ್ಧರಿಸದೆ, ನಡೆಯುವಂತೆ, ಉಣ್ಣುವಂತೆ, ಉತ್ತರಿಸುವಂತೆ ಮಾಡುವ ವ್ಯಕ್ತಿ ಆತ.

ಆಲ್ಬೇರ್ ಕಾಮೂವಿನ ‘ದಿ ಪ್ಲೇಗ್’ (೧೯೪೭) ಕಾದಂಬರಿಯಲ್ಲಿ ಬಾಗಿಲು ಮುಚ್ಚಿದ ಓರಾನ್ ನಗರದ ಜನ ತಮ್ಮ ಊರಿನಲ್ಲಿಯೇ ಗಡಿಪಾರಾದವರಂತೆ ಬದುಕುತ್ತಾರೆ. ಕನ್ನಡದ ಪ್ಲೇಗು ಕಥನಗಳಲ್ಲಿ ಜನ ಊರಿನಿಂದ ಹೊರಗಿದ್ದೂ ಊರಾಗಿ ಉಳಿಯುತ್ತಾರೆ. ೨೦೨೦ರ ದಿಗ್ಬಂಧನ ಓರಾನಿನ ಮಾದರಿಯದು. ಅಂದು ಮನೆ ಬಿಟ್ಟು ಊರನ್ನು ಉಳಿಸಿಕೊಂಡರು. ಇಂದು ಮನೆ ಸೇರಿ ಊರನ್ನು ಬಿಡಬೇಕಾಯಿತು. ಎರಡಕ್ಕೂ ವೈದ್ಯಕೀಯ ಸಮರ್ಥನೆಯಿದೆ. ಪ್ಲೇಗು ಇಲಿ ಮತ್ತು ಚಿಗಟಗಳ ಮೂಲಕ ಮನೆಯಲ್ಲಿ ನೆಲೆಸುವ ರೋಗ. ಕೋವಿಡ್ ಉಸಿರಿನಿಂದ ಹರಡುವ ರೋಗ. ಆದ್ದರಿಂದ ಹಳೆಯ ಕ್ರಮವೇ ಲೇಸೆಂದು ಕೊಂಡಾಡುವುದು ಸಲ್ಲದು. ಹೊಲದಲ್ಲಿಯೂ ಕೇರಿಯವರ ಗುಡಿಸಲುಗಳು ಬೇರೆಯಾಗಿಯೇ ಇದ್ದವು. ಊರಿನ ಒಗ್ಗಟ್ಟು ಜಾತಿಯ ಎಲ್ಲೆಯೊಳಗಿನ ಒಗ್ಗಟ್ಟಾಗಿತ್ತು ಎಂಬುದನ್ನೂ ಮರೆಯಬಾರದು. ಇಲ್ಲಿ ಹೇಳಬೇಕಾದುದು ಇಷ್ಟೇ: ರೋಗತಡೆಯ ಹೊಸ ಕ್ರಮವು ಹಳೆಯ ಕ್ರಮದೊಳಗೆ ತಾನಾಗಿಯೇ ಇದ್ದ ಒಡನಾಟವನ್ನು ತೆಗೆದುಹಾಕಿತು, ಬದಲಿಗೆ ಬೇರೊಂದನ್ನು ಇಡಲಿಲ್ಲ.

೫. ಪಾರಿಜಾತದ ದೂತಿ

ಒಂಟಿತನದ ಬಗ್ಗೆ ಈ ಸೀಮೆಯೇ ಸೃಷ್ಟಿಸಿಕೊಂಡ ಬಹುದೊಡ್ಡ ಪಠ್ಯವೆಂದರೆ ಶ್ರೀಕೃಷ್ಣ ಪಾರಿಜಾತ. ಅಪರಾಳ ತಮ್ಮಣ್ಣನ ಕೃತಿಯನ್ನು ಬಯಲಾಟವಾಗಿ ಬೆಳೆಸಿ ಪ್ರಚುರಪಡಿಸಿದ ಶ್ರೇಯಸ್ಸು ಕುಲಗೋಡ ತಮ್ಮಣ್ಣನಿಗೆ ಸಲ್ಲುತ್ತದೆ. ಹಿಂದಿನ ಅಖಂಡ ಗೋಕಾಕ ತಾಲೂಕಿನ ಕುಲಗೋಡ ಈ ಕಲೆಯ ತವರಾದರೆ, ಅದೇ ಸೀಮೆಯ ಕೌಜಲಗಿಯ ನಿಂಗಮ್ಮ ಈ ರಂಗಕ್ಕೆ ಹೆಸರು ತಂದ ಕಲಾವಿದೆ.

ಪಾರಿಜಾತದ ವಸ್ತು ಸರಳ. ನಾರದ ತಂದ ಹೂವು ರುಕ್ಮಿಣಿಯ ಪಾಲಾಗುತ್ತದೆ; ಸತ್ಯಭಾಮೆ ಮುನಿದು ವಿರಹದಲ್ಲಿ ಬೇಯುತ್ತಾಳೆ. ಆದರೆ ರಂಗದ ಮೇಲೆ ಈ ವಿರಹ ಎಂದೂ ಮೂಕವಾಗಿಲ್ಲ. ಭಾಮೆಯ ಎದುರಿಗೆ ದೂತಿ ಇದ್ದಾಳೆ. ದೂತಿ ಕೇಳುತ್ತಾಳೆ, ಕೆಣಕುತ್ತಾಳೆ, ತಪ್ಪಾಗಿ ಅರ್ಥಮಾಡಿಕೊಳ್ಳುತ್ತಾಳೆ, ಆಡುಮಾತಿನಲ್ಲಿ ನಗಿಸುತ್ತಾಳೆ. ಭಾಮೆಯ ಪದ ಮುಗಿದಲ್ಲಿ ದೂತಿಯ ಮಾತು ಆರಂಭವಾಗುತ್ತದೆ. ಕೃಷ್ಣನೂ ನೇರವಾಗಿ ಬರದೆ ಕೊರವಂಜಿಯಾಗಿ ಬಂದು ಕೈನೋಡುವ ನೆಪದಲ್ಲಿ ಅವಳ ಮನಸ್ಸನ್ನು ಆಡಿಸುತ್ತಾನೆ. ನೊಂದವರಿಗೆ ಪರಿಹಾರ ಕೊಡುವ ಮೊದಲು ಮಾತು ಬರಿಸಬೇಕೆಂಬ ತಿಳಿವಳಿಕೆ ಈ ಆಟದ ರಚನೆಯಲ್ಲಿಯೇ ಇದೆ. ಶಿಷ್ಟ ಕಾವ್ಯದ ವಿರಹಿಣಿ ಚಂದ್ರನನ್ನು, ಮೋಡವನ್ನು ಉದ್ದೇಶಿಸಿ ಹಲುಬುತ್ತಾಳೆ. ಪಾರಿಜಾತದ ಭಾಮೆಗೆ ಉತ್ತರ ಕೊಡುವ ಮನುಷ್ಯರಿದ್ದಾರೆ. ದೇಸಿ ಪರಂಪರೆಯ ಆರೋಗ್ಯಪ್ರಜ್ಞೆಯನ್ನು ಗುರುತಿಸಬೇಕಾದುದು ಇಲ್ಲಿ.

ಈ ಆಟ ರಾತ್ರಿಯಿಡೀ ನಡೆಯುವಂಥದು. ಜನ ಭುಜಕ್ಕೆ ಭುಜ ತಾಗಿಸಿ ಕುಳಿತು ನೋಡುವಂಥದು. ಇದಕ್ಕೆ ನೆಲೆ ಜಾತ್ರೆಗಳು. ೨೦೨೦ರ ರಾಷ್ಟ್ರವ್ಯಾಪಿ ದಿಗ್ಬಂಧನ ಮಾರ್ಚ್ ೨೫ರಂದು, ಯುಗಾದಿಯ ದಿನವೇ ಆರಂಭವಾಯಿತು. ೨೦೨೧ರ ಎರಡನೆಯ ಅಲೆಯ ನಿರ್ಬಂಧಗಳು ಏಪ್ರಿಲ್ ಕೊನೆಯಿಂದ ಜೂನ್ ನಡುವಿನವರೆಗೆ ಇದ್ದವು. ಎರಡು ವರ್ಷ ಸತತವಾಗಿ ಸುಗ್ಗಿ ಮುಗಿದ ಮೇಲಿನ ಜಾತ್ರೆಯ ಕಾಲವೇ ಬರಿದಾಯಿತು. ಕಲಾವಿದರ ಆದಾಯ ನಿಂತುದು ಇದರ ಒಂದು ಮುಖ. ಅದರ ಬಗ್ಗೆ ಚರ್ಚೆಯೂ ಪರಿಹಾರದ ಬೇಡಿಕೆಯೂ ನಡೆದವು. ವರ್ಷವಿಡೀ ದುಡಿಮೆಯಲ್ಲಿ ಬಾಯಿ ಮುಚ್ಚಿಕೊಂಡಿದ್ದವರು ಒಂದು ರಾತ್ರಿ ತಮ್ಮ ಸಂಕಟವನ್ನು ಭಾಮೆಯ ಬಾಯಿಂದ ಕೇಳಿ, ದೂತಿಯ ಮಾತಿಗೆ ನಕ್ಕು ಹಗುರಾಗುತ್ತಿದ್ದ ಅವಕಾಶ ನಿಂತುದು ಇನ್ನೊಂದು ಮುಖ. ಅದನ್ನು ‘ಮನರಂಜನೆಯ ನಿಲುಗಡೆ’ ಎಂಬ ತಲೆಬರಹದಡಿ ಸೇರಿಸಿ ಕೈಬಿಡಲಾಯಿತು.

೬. ಶೋಕಕ್ಕೆ ಸಿಗದ ಜಾಗ: ಕೊಣ್ಣೂರಿನ ಕುದುರೆ

ಸುರೇಶ ಅಂಗಡಿಯವರು ಗೋಕಾಕ, ಅರಭಾವಿ ವಿಧಾನಸಭಾ ಕ್ಷೇತ್ರಗಳನ್ನೊಳಗೊಂಡ ಬೆಳಗಾವಿ ಲೋಕಸಭಾ ಕ್ಷೇತ್ರದ ಪ್ರತಿನಿಧಿ, ಆಗಿನ ರೈಲ್ವೆ ರಾಜ್ಯ ಸಚಿವರು. ೨೦೨೦ರ ಸೆಪ್ಟೆಂಬರ್ ೨೩ರಂದು ಅವರು ಕೋವಿಡ್‌ನಿಂದ ದೆಹಲಿಯಲ್ಲಿ ನಿಧನರಾದರು. ಅವರ ಅಂತ್ಯಕ್ರಿಯೆ ದೆಹಲಿಯ ದ್ವಾರಕಾದಲ್ಲಿಯೇ ನಡೆಯಿತು. ನಾಲ್ಕು ಬಾರಿ ತಮ್ಮನ್ನು ಆರಿಸಿ ಕಳಿಸಿದ್ದ ನೆಲಕ್ಕೆ ಅವರು ಮರಳಲಿಲ್ಲ; ಜನರಿಗೆ ಅಂತಿಮ ದರ್ಶನ ದೊರೆಯಲಿಲ್ಲ. ಅಧಿಕಾರದಲ್ಲಿದ್ದವರ ಸ್ಥಿತಿಯೇ ಇದಾಗಿದ್ದಾಗ ಸಾಮಾನ್ಯರ ಮನೆಗಳ ಸಾವು ಹೇಗೆ ನಡೆಯಿತೆಂಬುದನ್ನು ಊಹಿಸಬಹುದು. ಎರಡನೆಯ ಅಲೆಯಲ್ಲಿ ಅಂತ್ಯಕ್ರಿಯೆಗೆ ಬೆರಳೆಣಿಕೆಯ ಜನರಿಗಷ್ಟೇ ಅವಕಾಶವಿತ್ತು. ಮಣ್ಣಿಗೆ ಹೋಗುವುದು, ದಿನಕರ್ಮಕ್ಕೆ ಕೂಡುವುದು, ಆಮೇಲೆ ವಾರಗಟ್ಟಲೆ ನಂಟರು ಬಂದು ಮಾತನಾಡಿಸುವುದು ಎಂಬ ಮೂರು ಹಂತಗಳೂ ತಪ್ಪಿದವು.

ಈ ಹಿನ್ನೆಲೆಯಲ್ಲಿ ೨೦೨೧ರ ಮೇ ತಿಂಗಳ ಒಂದು ಘಟನೆಯನ್ನು ಪರಿಶೀಲಿಸಬೇಕು. ಗೋಕಾಕ ತಾಲೂಕಿನ ಕೊಣ್ಣೂರು ಸಮೀಪದ ಮರಡಿಮಠದಲ್ಲಿ ಕಾಡಸಿದ್ಧೇಶ್ವರನ ಹೆಸರಿನ ಕುದುರೆಯೊಂದು ಸತ್ತಿತು. ರೋಗ ತೊಲಗಲೆಂಬ ನಂಬಿಕೆಯಿಂದ ಅದನ್ನು ಊರಲ್ಲಿ ಸುತ್ತಾಡಲು ಬಿಡಲಾಗಿತ್ತು. ಅದರ ಅಂತ್ಯಕ್ರಿಯೆಗೆ ನಿರ್ಬಂಧಗಳ ನಡುವೆಯೇ ನೂರಾರು ಜನ ಸೇರಿದರು. ದೃಶ್ಯ ದೇಶದ ತುಂಬ ಪ್ರಸಾರವಾಯಿತು, ಮೊಕದ್ದಮೆ ದಾಖಲಾಯಿತು, ಊರನ್ನು ಮುಚ್ಚಿ ತಪಾಸಣೆ ನಡೆಸಲಾಯಿತು. ಮೌಢ್ಯವೆಂದು ಖಂಡಿಸುವವರಿಗೂ ಭಕ್ತಿಯೆಂದು ಸಮರ್ಥಿಸುವವರಿಗೂ ಘಟನೆ ಅಲ್ಲಿಗೆ ಮುಗಿಯಿತು.

ಆಡಳಿತದ ಕ್ರಮ ತಪ್ಪಾಗಿತ್ತೆಂದು ಹೇಳಲಾಗದು. ರೋಗ ತೀವ್ರವಾಗಿದ್ದ ದಿನಗಳಲ್ಲಿ ಅಂಥ ಜಂಗುಳಿ ನಿಜವಾಗಿಯೂ ಅಪಾಯಕಾರಿ. ಮಾರನೆಯ ವಾರ ಹಾಸಿಗೆಗಾಗಿ, ಆಮ್ಲಜನಕಕ್ಕಾಗಿ ಪರದಾಡಬೇಕಾದವರು ಅದೇ ಜನ. ಆದರೆ ಸಾಂಸ್ಕೃತಿಕ ವಿಮರ್ಶೆ ಕೇಳಬೇಕಾದ ಪ್ರಶ್ನೆ ಬೇರೆ. ಸ್ವಂತ ನಂಟರ ಶವಕ್ಕೆ ಹೆಗಲು ಕೊಡಲಾಗದೆ ಉಳಿದ ಕಾಲದಲ್ಲಿ ಒಂದು ಕುದುರೆಯ ಸಾವಿಗೆ ಇಷ್ಟು ಜನ ಏಕೆ ಬಂದರು? ಪ್ರಸ್ತುತ ಲೇಖಕನ ಗ್ರಹಿಕೆಯಂತೆ, ಅದು ಆ ದಿನಗಳಲ್ಲಿ ಎಲ್ಲರೂ ಕೂಡಿ ಅಳಬಹುದಾಗಿದ್ದ ಸಾವು. ಕೋವಿಡ್‌ನ ಸಾವಿಗೆ ಕಳಂಕ ಅಂಟಿತ್ತು, ಮರೆಮಾಚುವಿಕೆ ಇತ್ತು, ಸೋಂಕಿನ ಭಯವಿತ್ತು. ಕುದುರೆಯ ಸಾವಿಗೆ ಅವು ಯಾವುವೂ ಇರಲಿಲ್ಲ. ತಡೆಹಿಡಿದ ಶೋಕ ತನಗೆ ಸಿಕ್ಕ ಮೊದಲ ದಾರಿಯಲ್ಲಿ ಹರಿಯಿತು. ಹೀಗೆ ಓದುವುದು ನಂಬಿಕೆಯ ಸಮರ್ಥನೆಯಲ್ಲ. ಶೋಕಕ್ಕೆ ಸುರಕ್ಷಿತವಾದ ಜಾಗವನ್ನು ವ್ಯವಸ್ಥೆ ಕೊಡದಿದ್ದರೆ ಅದು ಅಸುರಕ್ಷಿತವಾದ ಜಾಗವನ್ನು ತಾನೇ ಹುಡುಕಿಕೊಳ್ಳುತ್ತದೆ ಎಂಬ ಎಚ್ಚರ ಮಾತ್ರ. ಆ ಅರ್ಥದಲ್ಲಿ ಕೂಡಿ ಅಳುವ ಅವಕಾಶವೂ ರೋಗತಡೆಯ ಭಾಗವಾಗಬೇಕಿತ್ತು.

೭. ಗಡಿ, ತವರು ಮತ್ತು ಆಶ

ಹುಕ್ಕೇರಿ ತಾಲೂಕಿನ ಸಮಸ್ಯೆ ಇನ್ನೊಂದು ಬಗೆಯದು. ಸಂಕೇಶ್ವರದ ಆಚೆಗೆ ಸ್ವಲ್ಪ ದೂರದಲ್ಲಿಯೇ ಮಹಾರಾಷ್ಟ್ರದ ಗಡಹಿಂಗ್ಲಜ ಸೀಮೆ ಇದೆ. ಈ ಗಡಿ ನಕಾಶೆಯಲ್ಲಿ ಇರುವಷ್ಟು ಗಟ್ಟಿಯಾಗಿ ಬದುಕಿನಲ್ಲಿ ಇಲ್ಲ. ಹೆಣ್ಣು ಕೊಡುವುದು, ತರುವುದು, ಸಂತೆ, ದವಾಖಾನೆ, ದುಡಿಮೆ ಎಲ್ಲವೂ ಎರಡೂ ಕಡೆ ಹರಡಿಕೊಂಡಿವೆ. ೨೦೨೦ರ ಮೇ ೧೮ರಂದು ಕರ್ನಾಟಕವು ಮಹಾರಾಷ್ಟ್ರವೂ ಸೇರಿದಂತೆ ನಾಲ್ಕು ರಾಜ್ಯಗಳಿಂದ ಬರುವವರಿಗೆ ಆ ತಿಂಗಳ ಕೊನೆಯವರೆಗೆ ಪ್ರವೇಶವನ್ನು ನಿರ್ಬಂಧಿಸಿತು. ಭಾಷಾವಾರು ಪ್ರಾಂತ್ಯ ರಚನೆಯಾದ ೧೯೫೬ರಿಂದ ವಾದದ ವಸ್ತುವಾಗಿದ್ದ ಗಡಿ, ನಂಟಸ್ತಿಕೆಯ ನಡುವೆ ಎದ್ದು ನಿಂತ ಗೋಡೆಯಾದದ್ದು ಹೀಗೆ. ಬಂದವರನ್ನೂ ಮೊದಲು ಶಾಲೆ, ವಸತಿನಿಲಯಗಳಲ್ಲಿ ಪ್ರತ್ಯೇಕವಾಗಿ ಇರಿಸಲಾಯಿತು. ತನ್ನ ಊರಿನ ಶಾಲೆಯ ಕಿಟಕಿಯಿಂದ ತನ್ನ ಮನೆಯನ್ನು ನೋಡುವ ಸ್ಥಿತಿಗೆ ವೈದ್ಯಕೀಯ ಕೋಷ್ಟಕದಲ್ಲಿ ‘ಪ್ರತ್ಯೇಕವಾಸ’ ಎಂಬ ಒಂದೇ ಪದವಿದೆ.

ಹೆಣ್ಣುಮಕ್ಕಳ ಮಟ್ಟಿಗೆ ಈ ಅಗಲಿಕೆಗೆ ನಿರ್ದಿಷ್ಟ ತಿಥಿಯೂ ಉಂಟು. ಉತ್ತರ ಕರ್ನಾಟಕದ ನಾಗರ ಪಂಚಮಿ ತವರಿನ ಹಬ್ಬ. ಅಣ್ಣತಮ್ಮಂದಿರು ಬಂದು ಕರೆದೊಯ್ಯುವುದು, ಉಂಡಿ, ಜೋಕಾಲಿ, ಗೆಳತಿಯರ ಕೂಟ ಇವು ಅದರ ಅಂಗಗಳು. ಕರೆಯಲು ಬಾರದ ಅಣ್ಣನಿಗಾಗಿ ಕಾಯುವ ಹೆಣ್ಣು ಇಲ್ಲಿಯ ಹಾಡುಗಳ ಸ್ಥಾಯಿ ಪಾತ್ರ. ಗೋಕಾಕ ತಾಲೂಕಿನ ಬೆಟಗೇರಿಯಲ್ಲಿ ಹುಟ್ಟಿದ ಆನಂದಕಂದರು (ಬೆಟಗೇರಿ ಕೃಷ್ಣಶರ್ಮ, ೧೯೦೦–೧೯೮೨) ತಮ್ಮ ‘ನಲ್ವಾಡುಗಳು’ ಸಂಕಲನದಲ್ಲಿ ಈ ಹಳ್ಳಿಯ ದನಿಯನ್ನೇ ಕಾವ್ಯಕ್ಕೆ ತಂದವರು. ಜನಪದ ಕಾವ್ಯದಲ್ಲಿ ತವರು ಒಂದು ಭಾವುಕ ಆಶಯವೆಂದು ವಿಮರ್ಶೆ ಬಹುಕಾಲ ಬಗೆದಿದೆ. ೨೦೨೦ರ ಜುಲೈ ೨೫ರ ಪಂಚಮಿ ರೋಗ ಏರುಗತಿಯಲ್ಲಿದ್ದಾಗ, ಬಸ್ಸುಗಳು ವಿರಳವಾಗಿದ್ದಾಗ ಬಂದಿತು. ವರ್ಷಕ್ಕೊಮ್ಮೆ ತನ್ನ ಸಂಕಟವನ್ನು ತಾಯಿಯ ಮುಂದೆ ಬಿಚ್ಚಿಡುವ ವ್ಯವಸ್ಥೆಯೇ ತಪ್ಪಿದಾಗ, ತವರು ಭಾವುಕ ಆಶಯ ಮಾತ್ರವಲ್ಲ, ಹೆಣ್ಣಿನ ಮಾನಸಿಕ ಆರೋಗ್ಯದ ಒಂದು ಸಂಸ್ಥೆಯೂ ಹೌದೆಂಬುದು ಸ್ಪಷ್ಟವಾಗುತ್ತದೆ.

ಎಲ್ಲ ಬಾಗಿಲುಗಳು ಮುಚ್ಚಿದ್ದಾಗಲೂ ಬಾಗಿಲು ಬಡಿಯುತ್ತಿದ್ದವರು ಆಶಾ ಕಾರ್ಯಕರ್ತೆಯರು. ಜ್ವರದ ಲೆಕ್ಕ ಬರೆದುಕೊಳ್ಳಲು ಬಂದ ಅವರೇ ಎಷ್ಟೋ ಮನೆಗಳಿಗೆ ಹೊರಗಿನ ಏಕೈಕ ದನಿಯಾಗಿದ್ದಿರಬೇಕು. ಪಾರಿಜಾತದ ದೂತಿಯ ಕೆಲಸವನ್ನು, ಆ ಹೆಸರಿಲ್ಲದೆ, ಅವರು ಮಾಡಿದರು. ರಾಜ್ಯದ ಸುಮಾರು ೪೨,೦೦೦ ಆಶಾ ಕಾರ್ಯಕರ್ತೆಯರು ತಿಂಗಳಿಗೆ ೧೨,೦೦೦ ರೂಪಾಯಿ ಗೌರವಧನಕ್ಕಾಗಿ ೨೦೨೦ರ ಜುಲೈನಲ್ಲಿ ಮುಷ್ಕರ ಹೂಡಬೇಕಾಯಿತು ಎಂಬುದು, ಮಾತನಾಡಿಸುವ ದುಡಿಮೆಗೆ ನಮ್ಮ ಸಮಾಜ ಕಟ್ಟುವ ಬೆಲೆಯನ್ನು ತೋರಿಸುತ್ತದೆ.

೮. ಸಮಾರೋಪ

ಈವರೆಗಿನ ಚರ್ಚೆಯಿಂದ ಮೂರು ಮಾತುಗಳನ್ನು ಹೇಳಬಹುದು. ಮೊದಲನೆಯದಾಗಿ, ಗೋಕಾಕ ಸೀಮೆಯ ಅನುಭವದಲ್ಲಿ ಒಂಟಿತನವೆಂದರೆ ಜನರಿಲ್ಲದಿರುವುದಲ್ಲ, ಮಾತನಾಡಿಸುವವರಿಲ್ಲದಿರುವುದು. ಒಂಟಿತನವನ್ನು ಅಳೆಯುವ ಯಾವುದೇ ಆರೋಗ್ಯ ಸಮೀಕ್ಷೆ ಈ ಸೀಮೆಗೆ ಬರುವಾಗ ‘ನಿಮ್ಮ ಮನೆಯಲ್ಲಿ ಎಷ್ಟು ಜನ’ ಎಂಬ ಪ್ರಶ್ನೆಗಿಂತ ‘ನಿಮ್ಮನ್ನು ಮಾತನಾಡಿಸಲು ಯಾರು ಬಂದಿದ್ದರು’ ಎಂಬ ಪ್ರಶ್ನೆಯನ್ನು ಕೇಳಬೇಕು. ಎರಡನೆಯದಾಗಿ, ಕನ್ನಡದ ಪ್ಲೇಗು ಕಥನಗಳೂ ಪಾರಿಜಾತವೂ ಪಂಚಮಿಯ ಹಾಡುಗಳೂ ಈ ತಿಳಿವನ್ನು ಬೇರೆ ಬೇರೆ ರೂಪಗಳಲ್ಲಿ ಕಾಪಾಡಿಕೊಂಡು ಬಂದಿವೆ. ಅವನ್ನು ಆರೋಗ್ಯಪ್ರಜ್ಞೆಯ ಆಕರಗಳಾಗಿ ಓದುವ ಕೆಲಸ ವಿಮರ್ಶೆಯಲ್ಲಿ ಇನ್ನೂ ಆಗಬೇಕಿದೆ. ಮೂರನೆಯದಾಗಿ, ಈ ಪರಂಪರೆ ನಿರ್ದೋಷಿಯಲ್ಲ. ಯಾರು ಯಾರ ಮನೆಗೆ ಹೋಗಿ ಕುಳಿತು ಮಾತನಾಡಿಸಬಹುದು ಎಂಬುದನ್ನು ಜಾತಿ ನಿರ್ಧರಿಸಿಕೊಂಡು ಬಂದಿದೆ. ಕೇರಿಗೆ ಬಾರದ ಮಾತನಾಡಿಸುವಿಕೆ ಅರ್ಧ ಊರಿನ ಆರೋಗ್ಯ ಮಾತ್ರ.

೨೦೨೨ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ-ಮಾನಸ್ ದೂರವಾಣಿ ಸೇವೆ ಸ್ವಾಗತಾರ್ಹ. ಕನ್ನಡದಲ್ಲಿಯೂ ಅದು ದೊರೆಯುತ್ತದೆ. ಆದರೆ ಅದರ ರಚನೆಯಲ್ಲೊಂದು ತೊಡಕಿದೆ. ಅಲ್ಲಿ ನೊಂದವರೇ ಮೊದಲು ಕರೆ ಮಾಡಬೇಕು, ತಾವೇ ಮಾತು ತೆಗೆಯಬೇಕು. ಒಂಟಿತನ ಮೊದಲು ಕಸಿದುಕೊಳ್ಳುವುದು ಆ ಶಕ್ತಿಯನ್ನೇ. ‘ಮಾತನಾಡಿಸು’ ಎಂಬ ಕ್ರಿಯಾಪದದಲ್ಲಿ ಹೊಣೆ ಎದುರಿನವರದು; ಹೊರಟು ಬರಬೇಕಾದವರು, ಮೊದಲ ಮಾತು ಆಡಬೇಕಾದವರು ಅವರು. ಮುಂದಿನ ಸಾಂಕ್ರಾಮಿಕಕ್ಕೆ ಸಿದ್ಧತೆ ನಡೆಸುವವರು ಹಾಸಿಗೆ, ಔಷಧ, ಲಸಿಕೆಗಳ ಪಟ್ಟಿಯೊಂದಿಗೆ ಪ್ರತಿ ಓಣಿಗೂ, ಪ್ರತಿ ಕೇರಿಗೂ ಅಂಗಳದಲ್ಲಿ ಅಂತರ ಕಾಯ್ದು ನಿಂತಾದರೂ ಮಾತನಾಡಿಸುವವರು ಯಾರೆಂಬುದನ್ನೂ ಗೊತ್ತುಮಾಡಿಕೊಳ್ಳುವುದು ಅಗತ್ಯ. ಮೈಯ ಅಂತರ ಕೆಲವು ಅಡಿಗಳಿದ್ದರೆ ಸಾಕು. ಮಾತಿನ ಅಂತರಕ್ಕೆ ಯಾವ ವೈದ್ಯಶಾಸ್ತ್ರವೂ ಸಲಹೆ ಕೊಟ್ಟಿರಲಿಲ್ಲ.